ನಲವತ್ತರ ತಿರುವು: ಡೇನಿಯಲ್ ಲೆವಿನ್ಸನ್ ಅವರ ವಾದದ ಮರುಪರಿಶೀಲನೆ

ಹದಿಹರೆಯ ಕಳೆದ ಮೇಲೂ ಮನಸ್ಸು ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಮನೋವಿಜ್ಞಾನ ಒಪ್ಪಿ ಬಹುಕಾಲವಾಯಿತು. ಎರಿಕ್ ಎರಿಕ್ಸನ್ 1950ರಲ್ಲಿ ಬದುಕಿನ ಎಂಟು ಘಟ್ಟಗಳನ್ನು ಗುರುತಿಸಿದರು. ಜೇಮ್ಸ್ ಮಾರ್ಸಿಯಾ 1966ರಲ್ಲಿ ತರುಣರ ಅಸ್ಮಿತೆಯನ್ನು ಸಂದರ್ಶನದ ಮೂಲಕ ಅಳೆಯುವ ಕ್ರಮ ರೂಪಿಸಿದರು. ವಿವಾದ ಉಳಿದಿರುವುದು ಇನ್ನೊಂದು ವಿಷಯದಲ್ಲಿ: ಈ ಘಟ್ಟಗಳಿಗೆ ಗೊತ್ತಾದ ವಯಸ್ಸು ಇದೆಯೆ? ಇದೆ ಎಂದು ಎಲ್ಲರಿಗಿಂತ ಖಚಿತವಾಗಿ ವಾದಿಸಿದವರು ಲೆವಿನ್ಸನ್.

ಅವರ 1978ರ ಗ್ರಂಥಕ್ಕೆ ಆಧಾರ 40 ಮಂದಿ ಅಮೆರಿಕನ್ ಗಂಡಸರ ಜೀವನಕಥನ. ಕಾರ್ಖಾನೆ ಕಾರ್ಮಿಕರು, ಕಂಪನಿ ಅಧಿಕಾರಿಗಳು, ಜೀವವಿಜ್ಞಾನಿಗಳು, ಕಾದಂಬರಿಕಾರರು, ತಲಾ 10 ಮಂದಿ. ನಲವತ್ತರಿಂದ ನಲವತ್ತೈದರ ನಡುವೆ ಶೇ. 80ರಷ್ಟು ಜನ ತೀವ್ರ ತಳಮಳಕ್ಕೆ ಸಿಲುಕುತ್ತಾರೆ ಎಂಬುದು ಅವರ ತೀರ್ಮಾನ.

ಇದನ್ನು ಅಲ್ಲಗಳೆಯಲು ಇಲೇನ್ ವೆದಿಂಗ್ಟನ್ 2000ದಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮುಂದಿಡುವುದು ವಾಡಿಕೆ. ಅದರಲ್ಲಿ ನಡುವಯಸ್ಸಿನ ಬಿಕ್ಕಟ್ಟು ತಮಗೆ ಬಂದಿತ್ತು ಎಂದವರು ಶೇ. 26 ಮಾತ್ರ. ಆದರೆ ಈ ಎರಡು ಅಂಕಿಗಳನ್ನು ಎದುರುಬದುರು ನಿಲ್ಲಿಸುವುದು ಸರಿಯಲ್ಲ. ಒಂದು, ಗಂಟೆಗಟ್ಟಲೆ ಮಾತು ಕೇಳಿದ ಸಂಶೋಧಕರ ತೀರ್ಪು. ಇನ್ನೊಂದು, ಜನ ತಮ್ಮ ಅನುಭವಕ್ಕೆ ತಾವೇ ಕೊಟ್ಟ ಹೆಸರು. ಲೆವಿನ್ಸನ್ ವಾದದ ನಿಜವಾದ ತೊಡಕು ಅವರ ಸಾಮಗ್ರಿಯೊಳಗೇ ಇದೆ.

ಅಧ್ಯಯನ ಆರಂಭವಾದ 1969ರ ಸುಮಾರಿಗೆ ಈ ಗಂಡಸರ ವಯಸ್ಸು 35ರಿಂದ 45. ಅವರಲ್ಲಿ ಅತಿ ಹಿರಿಯರಾದ, 1923ರಲ್ಲಿ ಹುಟ್ಟಿದವರಿಗೆ ನಲವತ್ತು ತುಂಬಿದ್ದು 1963ರಲ್ಲಿ. ಕಿರಿಯರು 1934ರಲ್ಲಿ ಹುಟ್ಟಿದವರು. ಅವರಿಗೆ ನಲವತ್ತಾಗುವುದು 1974ಕ್ಕೆ. ಅಂದರೆ, ಮೊದಲ ಸುತ್ತಿನ ಸಂದರ್ಶನದ ವೇಳೆಗೆ ನಲವತ್ತು ದಾಟಿದ್ದವರೆಲ್ಲ ಅದನ್ನು ದಾಟಿದ್ದು ಆರೇಳು ವರ್ಷಗಳ ಅಂತರದಲ್ಲಿ. ವಿಯೆಟ್ನಾಂ ಯುದ್ಧ ಮತ್ತು ನಾಗರಿಕ ಹಕ್ಕುಗಳ ಹೋರಾಟ ಅಮೆರಿಕವನ್ನು ಅಲುಗಾಡಿಸಿದ ವರ್ಷಗಳೇ ಅವು. ಹಾಗಿದ್ದ ಮೇಲೆ ಆ ತಳಮಳ ವಯಸ್ಸಿನದೋ ಕಾಲದ್ದೋ ಎಂದು ಈ ಸಾಮಗ್ರಿಯಿಂದ ಬೇರ್ಪಡಿಸಿ ಹೇಳಲಾಗದು. ವಯಸ್ಸು, ಪೀಳಿಗೆ, ಕಾಲ ಈ ಮೂರೂ ಹೆಣೆದುಕೊಂಡಿರುವುದನ್ನು ವಾರ್ನರ್ ಶಾಯ್ 1965ರಲ್ಲೇ ಎತ್ತಿ ತೋರಿಸಿದ್ದರು.

ಹನ್ನೊಂದು ವರ್ಷಗಳ ಅಂತರದಲ್ಲಿ ಹುಟ್ಟಿದವರನ್ನು ಒಂದೇ ಗುಂಪಾಗಿ ಎಣಿಸಿದ್ದೂ ನನಗೆ ಒಪ್ಪಿಗೆಯಾಗುವುದಿಲ್ಲ. ಗ್ಲೆನ್ ಎಲ್ಡರ್ ಅವರ ಸಂಶೋಧನೆ ಇಲ್ಲಿ ಬಹಳ ಮುಖ್ಯ. 1930ರ ದಶಕದ ಆರ್ಥಿಕ ಕುಸಿತವನ್ನು ಹದಿಹರೆಯದಲ್ಲಿ ಕಂಡ ಓಕ್ಲಂಡ್‌ನ ಹುಡುಗರಿಗಿಂತ, ಎಂಟು ವರ್ಷ ತಡವಾಗಿ ಹುಟ್ಟಿ ಎಳವೆಯಲ್ಲೇ ಅದಕ್ಕೆ ಸಿಕ್ಕಿದ ಬರ್ಕ್ಲಿಯ ಹುಡುಗರು ಹೆಚ್ಚು ನಲುಗಿದ್ದರು. ಎಂಟೇ ವರ್ಷ ಇಷ್ಟು ವ್ಯತ್ಯಾಸ ಮಾಡಿತ್ತು.

ನನ್ನ ವಾದದ ಮಿತಿಯನ್ನೂ ಹೇಳಬೇಕು. ತಳಮಳಕ್ಕೆ ಕಾಲವೇ ಕಾರಣ ಎಂದು ನಾನು ಹೇಳುತ್ತಿಲ್ಲ. ವಯಸ್ಸೇ ಕಾರಣ ಎನ್ನಲು ಈ ಸಾಕ್ಷ್ಯ ಸಾಲದು ಎಂಬಷ್ಟೇ ನನ್ನ ನಿಲುವು. ಮೊದಲ ಸಂದರ್ಶನದ ಎರಡು ವರ್ಷಗಳ ಬಳಿಕ ಲೆವಿನ್ಸನ್ ತಂಡ ಆ ಗಂಡಸರನ್ನು ಮತ್ತೆ ಭೇಟಿಯಾದದ್ದರಿಂದ ಅವಧಿ ಕೊಂಚ ಹಿಗ್ಗಿತಾದರೂ ಕಿರಿಯರು ಆಗಲೂ ನಲವತ್ತನ್ನು ಮುಟ್ಟಿರಲಿಲ್ಲ. ನನ್ನ ವಾದಕ್ಕೆ ಗಟ್ಟಿಯಾದ ಎದುರು ಸಾಕ್ಷ್ಯ ಎಂದರೆ ಲೆವಿನ್ಸನ್ ತೀರಿಕೊಂಡ ಬಳಿಕ, 1996ರಲ್ಲಿ ಹೊರಬಂದ ಅವರ ಎರಡನೆಯ ಗ್ರಂಥ. ನಂತರದ ಕಾಲದಲ್ಲಿ ಸಂದರ್ಶಿಸಿದ 45 ಹೆಂಗಸರಲ್ಲೂ ಅವರು ಅದೇ ವಯೋಕ್ರಮವನ್ನು ಕಂಡರು. ಅದು ಬದುಕಿನ ಕ್ರಮವೋ, ಮೊದಲೇ ಸಿದ್ಧವಿದ್ದ ಚೌಕಟ್ಟಿನಲ್ಲಿ ಕೂರಿಸಿ ಓದಿದ ಫಲವೋ ಎಂಬುದನ್ನು, ಚೌಕಟ್ಟಿನ ಪರಿಚಯವೇ ಇಲ್ಲದವರು ಆ ಕಥನಗಳನ್ನು ಮರುಓದಿ ನಿರ್ಧರಿಸಬೇಕಾಗಿದೆ.