ಪೆಟ್ಟಿಗೆ ಮರದ ಬೆಂಚು

ಮಗ ಹೊಸ ಫ್ಲಾಟಿಗೆ ಸಾಮಾನಿನ ಪಟ್ಟಿ ಬರೀತಾ, "ಅಮ್ಮಾ, ಆ ಎರಡು ಬೆಂಚು ಗುಜರಿಗೆ ಹಾಕ್ಬಿಡೋಣ್ವಾ?" ಅಂದ. ಆ ಬೆಂಚಿನ ಕತೆ ಅವನಿಗೆ ಗೊತ್ತಿಲ್ಲ, ಅದಕ್ಕೇ ಬರೀತಿದ್ದೀನಿ.

ನಮ್ಮ ಅಜ್ಜಿ ಕಾಲದಲ್ಲಿ ಕೂರೋಕೆ ಜಗಲಿ, ಚಾಪೆ, ಮಣೆ ಇಷ್ಟೇ. ಊಟ ಆದ್ಮೇಲೆ ಮಣೆ ಗೋಡೆಗೆ ಒರಗಿಸಿದ್ರೆ ಅದೇ ಜಾಗದಲ್ಲಿ ಹತ್ತು ಜನ ಮಲಗೋರು.

ಆಮೇಲೆ ಕಾರ್ಖಾನೆ ಬಂದ್ವು. 1953ರಲ್ಲಿ ಜಾಲಹಳ್ಳಿಲಿ ಎಚ್‌ಎಂಟಿ, 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ. ಜಗಲಿ ಬಿಟ್ಟು ಬಂದೋರಿಗೆ ಸಿಕ್ಕಿದ್ದು ವಠಾರದ ಒಂದು ರೂಮು. ನಾನು 1991ರಲ್ಲಿ ಮದುವೆಯಾಗಿ ಬಂದಿದ್ದೂ ಅಂಥ ರೂಮಿಗೇ. ತೇಗ, ಬೀಟೆ ಕೈಗೆಟುಕೋ ಮಾತಲ್ಲ. ಕಾರ್ಖಾನೆಗೆ ಮೆಷಿನ್ನು ದೊಡ್ಡ ಮರದ ಪೆಟ್ಟಿಗೇಲಿ ಬರೋದು. ನಮ್ಮನೆಯವರು ಆ ಹಲಗೆ ಕೊಂಡ್ಕೊಂಡು ಬಂದು, ಮೊಳೆ ಕಿತ್ತು, ಬಡಗಿ ಹತ್ರ ಒಂದೇ ಎತ್ತರದ ಎರಡು ಬೆಂಚು ಮಾಡಿಸಿದ್ರು.

ಹಗಲು ಕೂರೋಕೆ, ರಾತ್ರಿ ಜೋಡಿಸಿದ್ರೆ ಮಂಚ. ಮೈದುನ ಊರಿಂದ ಕೆಲಸ ಹುಡುಕ್ಕೊಂಡು ಬಂದಾಗ ಎಂಟು ತಿಂಗಳು ಅದರ ಮೇಲೇ ಮಲಗಿದ್ದ. ಮಕ್ಕಳು ನೆಲದಲ್ಲಿ ಕೂತು ಅದರ ಮೇಲೆ ಪುಸ್ತಕ ಇಟ್ಟು ಬರೆಯೋರು.

ದಸರಾ ಬಂತು ಅಂದ್ರೆ ಅದೇ ಬೆಂಚು ಬೊಂಬೆ ಮೆಟ್ಲು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ನವರಾತ್ರಿ ನಮ್ಮ ವಠಾರಕ್ಕೆ ಆನೆ ಅಂಬಾರಿ ಇಲ್ಲದೇ ಬರೋದು. ಮುಂದೆ ಮಣೆ, ಹಿಂದೆ ಒಂದು ಬೆಂಚು, ಅದರ ಹಿಂದಿನ ಬೆಂಚಿನ ಮೇಲೆ ಟ್ರಂಕು. ಬಿಳಿ ಪಂಚೆ ಹೊದಿಸಿದ್ರೆ ಮೂರು ಮೆಟ್ಲು, ಮೇಲೆ ಪಟ್ಟದ ಬೊಂಬೆ. ಪಕ್ಕದ ಮನೆ ತಮಿಳಿನೋರು ಕೊಲು ಅನ್ನೋರು, ಎದುರುಗಡೆ ತೆಲುಗಿನೋರು ಬೊಮ್ಮಲ ಕೊಲುವು ಅನ್ನೋರು. ಹೆಸರು ಬೇರೆ, ಚರ್ಪು ತಿನ್ನೋಕೆ ಬರೋ ಮಕ್ಕಳು ಅವರೇ!

ಈಗೆಲ್ಲಾ ಪ್ಲೈವುಡ್ಡು. 1962ರಲ್ಲಿ ಶುರುವಾದ ಪ್ಲೈವುಡ್ ಸಂಶೋಧನಾ ಸಂಸ್ಥೆ ನಮ್ಮ ತುಮಕೂರು ರಸ್ತೆಲೇ ಇತ್ತು. 1996ರಲ್ಲಿ ಸುಪ್ರೀಂ ಕೋರ್ಟು ಕಾಡಿನ ಮರ ಕಡಿಯೋದಕ್ಕೆ ಕಡಿವಾಣ ಹಾಕ್ತು, ಒಳ್ಳೇದೇ ಆಯ್ತು. ನನ್ನ ತಕರಾರು ಪ್ಲೈವುಡ್ ಮೇಲಲ್ಲ, ಅದನ್ನ ಗೋಡೆಗೇ ಹೊಡೆದು ಕೂರಿಸೋದ್ರ ಮೇಲೆ. ವಾರ್ಡ್‌ರೋಬು, ಟೀವಿ ಯೂನಿಟ್ಟು ಯಾವುದೂ ಅಲ್ಲಾಡಲ್ಲ. ಮನೆಗೆ ಇಬ್ಬರು ಬಂದ್ರೂ ಇಪ್ಪತ್ತು ಜನ ಬಂದ್ರೂ ಹಾಗೇ ನಿಂತಿರುತ್ತೆ.

ಮಗನ ಸೋಫಾದಲ್ಲಿ ಕೂರೋದು ಮೂರು ಜನ. ಗೃಹಪ್ರವೇಶಕ್ಕೆ ಮೈದುನನ ಮನೆಯೋರೇ ಆರು ಜನ ಬರ್ತಾರೆ. ಬೆಂಚು ಎರಡನ್ನೂ ಮೊದಲನೇ ಗಾಡೀಲೇ ಕಳಿಸ್ತೀನಿ. ಗುಜರಿ ಮಾತು ಆಮೇಲೆ ಆಡಪ್ಪ ಅಂದಿದ್ದೀನಿ.