ಕದ್ರಿ ಜೋಗಿ ಮಠ

ಮಂಗಳೂರಿನ ಬಿಜೈಗೆ ಹೊಂದಿಕೊಂಡ ಕದ್ರಿ ಗುಡ್ಡದ ಮೇಲಿರುವ, ನಾಥ ಸಂಪ್ರದಾಯದ ಶೈವ ಯೋಗಿಗಳ ಪೀಠ. ಆದಿನಾಥನಾದ ಶಿವನೇ ಮೂಲಗುರು. ಮತ್ಸ್ಯೇಂದ್ರನಾಥ, ಗೋರಕ್ಷನಾಥರು ಪರಂಪರೆಯ ಪ್ರವರ್ತಕರು. ದೇಹವೆಂಬ ಪಿಂಡದಲ್ಲೇ ಬ್ರಹ್ಮಾಂಡವಿದೆ, ಹಠಯೋಗದಿಂದ ದೇಹದಲ್ಲಿ ಸುಪ್ತವಾಗಿರುವ ಕುಂಡಲಿನಿ ಶಕ್ತಿಯನ್ನು ಎಬ್ಬಿಸಿ ಕಾಯಸಿದ್ಧಿ, ಅಂದರೆ ದೇಹದ ಪರಿಪೂರ್ಣತೆ, ಪಡೆಯಬಹುದು ಎಂಬುದು ಪಂಥದ ನಂಬಿಕೆ. ಮಂತ್ರ ಮತ್ತು ಸಾಧನಾಕ್ರಮ ಗುರುಮುಖದಿಂದಲೇ ಬರಬೇಕು. ಹೊರಗಿನವರಿಗೆ ಅರ್ಥವಾಗದಂತೆ ಒಗಟಿನ ಸಂಧ್ಯಾಭಾಷೆಯನ್ನೂ ಬಳಸುತ್ತಾರೆ. ಪೂರ್ಣದೀಕ್ಷೆಯಲ್ಲಿ ಕಿವಿಯ ನಡುಭಾಗ ಸೀಳಿ ದೊಡ್ಡ ಕುಂಡಲ ತೊಡಿಸುವುದರಿಂದ ಇವರಿಗೆ ಕಾನ್‌ಫಟಾ ಎಂಬ ಹೆಸರೂ ಉಂಟು.

ಪಕ್ಕದ ಮಂಜುನಾಥ ದೇವಾಲಯದ ಲೋಕೇಶ್ವರ ಕಂಚಿನ ವಿಗ್ರಹವನ್ನು ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಕದಿರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ವಿಗ್ರಹದ ಪೀಠದ ಮೇಲಿನ ಶಾಸನ ಹೇಳುತ್ತದೆ. ವಿಹಾರವೆಂದರೆ ಬೌದ್ಧ ಮಠವಾದ್ದರಿಂದ ದೇವಾಲಯಕ್ಕೆ ಬೌದ್ಧ ಮೂಲವನ್ನು ಊಹಿಸಿದವರಲ್ಲಿ ಸಂಶೋಧಕ ಎಂ. ಗೋವಿಂದ ಪೈ ಪ್ರಮುಖರು. ಆದರೆ ಅದೇ ಶಾಸನ ಅರಸನನ್ನು ಶಿವಭಕ್ತನೆನ್ನುವುದರಿಂದ ಆ ವಾದ ಪೂರ್ತಿ ನಿಲ್ಲುವುದಿಲ್ಲ. ಬೌದ್ಧರ ತಾಂತ್ರಿಕ ಶಾಖೆಯಾದ ವಜ್ರಯಾನ ಮತ್ತು ನಾಥ ಪಂಥಗಳ ಬೆರಕೆಯೆನ್ನುವುದೇ ಹೆಚ್ಚು ಸಮಂಜಸ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿಯ ‘ಜೋಗಿಗಳ ಅರಸ’ನನ್ನು ಕಂಡು ಬರೆದಿದ್ದಾನೆ.

ಪೀಠಾಧಿಪತಿಯನ್ನು ಇಂದಿಗೂ ‘ರಾಜ’ ಎಂದೇ ಕರೆಯುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕುಂಭಮೇಳದಲ್ಲಿ ಆಯ್ಕೆಯಾಗುವ ಆತ ಅಲ್ಲಿಗೆ ಸಮೀಪದ ತ್ರ್ಯಂಬಕೇಶ್ವರದಿಂದ ಝುಂಡಿ ಎಂಬ ಯೋಗಿಗಳ ತಂಡದೊಡನೆ ತಿಂಗಳುಗಟ್ಟಲೆ ನಡೆದು ಕದ್ರಿ ಸೇರುತ್ತಾನೆ. ಇತ್ತೀಚಿನ ಪಟ್ಟಾಭಿಷೇಕ ನಡೆದದ್ದು 2016ರಲ್ಲಿ.