ಹೊಳೆ ದಾಟಿದ ರೈಲು

ಹಾವೇರಿಯಲ್ಲಿ ಬೆಳಗಿನ ಗಾಡಿ ಹಿಡಿದು ಬ್ಯಾಡಗಿಗೋ ರಾಣೆಬೆನ್ನೂರಿಗೋ ಹೋಗಿ, ಕೆಲಸ ಮುಗಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದನ್ನು ನಮ್ಮ ಭಾಗದವರು ಪ್ರವಾಸವೆಂದು ಕರೆಯುವುದಿಲ್ಲ. ಅದು ಬರಿಯ ‘ಹೋಗಿ ಬರುವುದು’. ಪ್ರವಾಸವೆಂದರೆ ಹಾಸಿಗೆ ಸುತ್ತಿಕೊಂಡು, ಬುತ್ತಿ ಕಟ್ಟಿಕೊಂಡು, ದೇವರಿಗೆ ಕಾಯಿ ಒಡೆದು ಹೊರಡುವಂಥದು. ಇವೆರಡೂ ಬೇರೆ ಬೇರೆ ಎಂದೇ ನಾನೂ ಬಹುಕಾಲ ನಂಬಿದ್ದೆ. ದೊಡ್ಡ ಪ್ರವಾಸದ ಗುಟ್ಟು ಈ ಸಣ್ಣ ಹೋಗಿಬರುವಿಕೆಯಲ್ಲಿಯೇ ಇದೆ ಎಂದು ತಿಳಿದದ್ದು ಇತ್ತೀಚೆಗೆ.

ನಿವೃತ್ತನಾದ ಮೇಲೆ, ಕೈಕಾಲು ಗಟ್ಟಿಯಾಗಿರುವಾಗಲೇ ಒಮ್ಮೆ ಯುರೋಪನ್ನು ನೋಡಿ ಬರಬೇಕೆಂದು ನಾವು ಗಂಡಹೆಂಡಿರು ನಿಶ್ಚಯಿಸಿದೆವು. ನಾನು ಚರಿತ್ರೆ ಓದಿದವನು, ಆಸೆ ಹೆಚ್ಚು. ಹದಿನೈದು ದಿನಗಳಿಗೆ ಏಳು ರಾಜಧಾನಿಗಳನ್ನು ಪೋಣಿಸಿ ಒಂದು ಹಾಳೆ ಸಿದ್ಧಮಾಡಿದೆ. ಮೊಣಕಾಲ ನೋವಿನ ನನ್ನ ಹೆಂಡತಿ ಅದನ್ನು ಎರಡು ಸಲ ಓದಿ ಕೇಳಿದಳು: “ಇದೇನ್ರೀ, ಪ್ರವಾಸಕ್ಕ ಹೊಂಟೇವೋ, ಮೆಣಸಿನಕಾಯಿ ಚೀಲದಂಗ ದಿನಾ ಒಂದ ಪ್ಯಾಟಿಗೆ ಇಳಸ್ಕೊಳ್ಳಾಕ ಹೊಂಟೇವೋ?” ಬ್ಯಾಡಗಿಯ ಪೇಟೆಯನ್ನು ಕಂಡವಳ ಮಾತು. ನನ್ನಲ್ಲಿ ಉತ್ತರವಿರಲಿಲ್ಲ. ಹಾಳೆಯನ್ನು ಮಡಿಸಿಟ್ಟು, ಬೇರೆಯವರು ಹೇಗೆ ಹೋಗಿದ್ದರೆಂದು ಹುಡುಕತೊಡಗಿದೆ.

ಈ ಹುಡುಕಾಟ ನನ್ನನ್ನು 1841ರ ಜುಲೈ 5ಕ್ಕೆ ಕರೆದೊಯ್ದಿತು. ಅಂದು ಇಂಗ್ಲೆಂಡಿನ ಲೆಸ್ಟರ್ ಎಂಬ ಊರಿನಿಂದ ಲಫ್‌ಬರೋ ಎಂಬ ಊರಿಗೆ ಸುಮಾರು ಐದುನೂರು ಜನ ತಲೆಗೊಂದು ಷಿಲಿಂಗ್ ಕೊಟ್ಟು ರೈಲಿನಲ್ಲಿ ಹೋಗಿ, ಪಾನನಿರೋಧದ ಸಭೆ ಮುಗಿಸಿ, ಅದೇ ದಿನ ಮರಳಿದರು. ಏರ್ಪಾಡು ಮಾಡಿದವನು ಥಾಮಸ್ ಕುಕ್. ಎರಡೂ ಊರುಗಳ ನಡುವಿನ ಅಂತರ ಇಪ್ಪತ್ತು ಕಿಲೋಮೀಟರನ್ನು ಮುಟ್ಟುವುದಿಲ್ಲ. ನಮ್ಮ ಹಾವೇರಿ–ರಾಣೆಬೆನ್ನೂರಿಗಿಂತ ಕಡಿಮೆ! ಲೋಕವನ್ನೆಲ್ಲ ಸುತ್ತಿಸಿದ ಒಂದು ಉದ್ಯಮ ಹುಟ್ಟಿದ್ದು ಹೀಗೆ, ಒಂದು ಹೋಗಿಬರುವಿಕೆಯಿಂದ. 1855ರಲ್ಲಿ ಅದೇ ಕುಕ್ ತನ್ನ ಜನರನ್ನು ಕಡಲಾಚೆ ಬ್ರಸೆಲ್ಸ್, ಕೊಲೋನ್, ಸ್ಟ್ರಾಸ್‌ಬರ್ಗ್, ಪ್ಯಾರಿಸ್ಸುಗಳಿಗೆ ಕರೆದೊಯ್ದ.

ಕುಕ್ ಜೊತೆಯಲ್ಲಿ ಬಂದು ಕರೆದುಕೊಂಡು ಹೋಗುವವನಾದರೆ, ತಾನೇ ದಾರಿ ಹುಡುಕಿಕೊಳ್ಳುವವನಿಗೆ ನೆರವಾದವನು ಜಾರ್ಜ್ ಬ್ರಾಡ್‌ಷಾ. ರೈಲುಗಳ ವೇಳೆಯನ್ನೆಲ್ಲ ಒಂದೆಡೆ ಕೂಡಿಸಿ 1839ರಲ್ಲಿ ಪುಸ್ತಕ ಮಾಡಿದ. 1847ರಲ್ಲಿ ಯುರೋಪ್ ಖಂಡದ ರೈಲುಗಳಿಗೂ ಒಂದು ಕೈಪಿಡಿ ತಂದ. 1853ರಲ್ಲಿ ನಾರ್ವೆಗೆ ಪ್ರವಾಸ ಹೋದವನು ಅಲ್ಲಿಯೇ ಕಾಲರಾ ತಗುಲಿ ತೀರಿಕೊಂಡ. ಆದರೆ ಅವನ ಹೆಸರು ವೇಳಾಪಟ್ಟಿಗೇ ಪರ್ಯಾಯವಾಗಿ, ಕಡಲು ದಾಟಿ ನಮ್ಮ ದೇಶದ ರೈಲು ಪುಸ್ತಕಕ್ಕೂ ಅಂಟಿಕೊಂಡಿತು. ಕುಕ್ಕನ ಕಂಪನಿಯೂ 1873ರಲ್ಲಿ ಯುರೋಪಿನ ವೇಳಾಪಟ್ಟಿಯನ್ನು ಅಚ್ಚುಹಾಕಿತು. ಆ ಪುಸ್ತಕ 2013ರವರೆಗೆ ಅವರಿಂದಲೇ ಬಂದಿತು. ಆಮೇಲೆ ಬೇರೆಯವರ ಕೈಯಲ್ಲಿ ಮುಂದುವರಿಯಿತು. 2019ರಲ್ಲಿ ಇಂಗ್ಲೆಂಡಿನ ಕುಕ್ ಕಂಪನಿಯೇ ಮುಳುಗಿತು. ಅವರು ಬಿಟ್ಟುಕೊಟ್ಟ ವೇಳಾಪಟ್ಟಿ ಮಾತ್ರ ಉಳಿಯಿತು. ಇದು ನನಗೆ ಅರ್ಥವತ್ತಾಗಿ ಕಂಡಿದೆ.

ಇನ್ನು ನಮ್ಮ ಕಡೆಗೆ ತಿರುಗೋಣ. ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿತು. ಆ ದಶಕದಲ್ಲಿಯೇ ಹುಬ್ಬಳ್ಳಿಯಿಂದ ಹರಿಹರದತ್ತ ಮೀಟರ್‌ಗೇಜಿನ ಹಳಿ ಹಾಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾದವು. ಆ ಕಾಲದಲ್ಲಿ ಈ ಊರುಗಳಿಂದ ವಿಲಾಯತಿಗೆ ಹೋಗಬೇಕಾದವನು ಸಣ್ಣ ಹಳಿಯ ಗಾಡಿಯಲ್ಲಿ ಪುಣೆ ಮುಟ್ಟಿ, ಅಲ್ಲಿ ದೊಡ್ಡ ಹಳಿಯ ಗಾಡಿಗೆ ಸಾಮಾನು ಬದಲಿಸಿ, ಮುಂಬಯಿಯ ಬಂದರಿನಲ್ಲಿ ಹಡಗು ಹತ್ತಬೇಕಿತ್ತು. ಹಡಗು ಸೂಯೆಜ್ ದಾಟಿದ ಮೇಲೆ ಕೆಲವರು ಮಾರ್ಸೇಲ್ಸಿನಲ್ಲಿಯೇ ಇಳಿದು ರೈಲು ಹಿಡಿಯುತ್ತಿದ್ದರು. ಜಿಬ್ರಾಲ್ಟರ್ ಸುತ್ತಿ ಹೋಗುವುದಕ್ಕಿಂತ ಸುಮಾರು ಒಂದು ವಾರ ಉಳಿಯುತ್ತಿತ್ತು. ಸವಣೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಪುಣೆಯಲ್ಲಿ ಪಾಠ ಹೇಳುತ್ತಿದ್ದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟದ್ದು ಈ ಹಡಗುಗಳ ಕಾಲದಲ್ಲಿಯೇ. ಅವರ ‘ಸಮುದ್ರದಾಚೆಯಿಂದ’ ನಮ್ಮ ಜಿಲ್ಲೆಯ ಓದುಗರಿಗೆ ಮನೆಯ ಮಗನ ಕಾಗದವಿದ್ದಂತೆ.

ಸ್ವಾತಂತ್ರ್ಯದ ನಂತರ ವಿಮಾನ ಬಂದಿತು. ಆದರೆ ಹಣ ಬರಲಿಲ್ಲ. 1970ರ ಸುಮಾರಿನಲ್ಲಿ ಹೊರದೇಶಕ್ಕೆ ಹೊರಟ ಭಾರತೀಯನ ಕೈಗೆ ಸಿಗುತ್ತಿದ್ದ ವಿದೇಶಿ ನಾಣ್ಯ ಎಂಟು ಡಾಲರ್. ಹಲವು ದೇಶಗಳ ರೈಲುಗಳಿಗೆ ಒಂದೇ ಟಿಕೆಟ್ಟಾದ ಯುರೇಲ್ ಪಾಸು 1959ರಲ್ಲಿಯೇ ಬಂದಿದ್ದರೂ ನಮ್ಮಂಥವರಿಗೆ ಅದು ಕೇಳುವ ಸುದ್ದಿ ಮಾತ್ರವಾಗಿತ್ತು. ಅಲ್ಲಿಯೂ ಗಡಿಗೊಂದು ತಪಾಸಣೆ, ಊರಿಗೊಂದು ನಾಣ್ಯ. 1985ರ ಷೆಂಗೆನ್ ಒಪ್ಪಂದ 1995ರಲ್ಲಿ ಜಾರಿಗೆ ಬಂದು ಗಡಿಯ ತಪಾಸಣೆ ಕಳಚಿತು. 2002ರಲ್ಲಿ ಯೂರೋ ನೋಟು ಕೈಗೆ ಬಂದಿತು. ಬೆಳಿಗ್ಗೆ ಒಂದು ದೇಶದಲ್ಲಿ ಚಹ ಕುಡಿದು, ಮಧ್ಯಾಹ್ನ ಇನ್ನೊಂದರಲ್ಲಿ ಉಂಡು, ರಾತ್ರಿ ಮೊದಲಿನ ಹಾಸಿಗೆಗೇ ಮರಳುವುದು ಸಾಮಾನ್ಯರಿಗೂ ಸಾಧ್ಯವಾಯಿತು.

ಇದನ್ನು ಓದುವಾಗ ನನಗೆ ನನ್ನ ಅಜ್ಜ ನೆನಪಾದರು. ಅವರು ರಾಣೆಬೆನ್ನೂರಿನವರು. ಹರಿಹರೇಶ್ವರನ ದರ್ಶನಕ್ಕೆ ಹೊರಟಾಗಲೆಲ್ಲ “ಮೈಸೂರ ಸೀಮಿಗೆ ಹೋಗಿ ಬರ್ತೇನಿ” ಎನ್ನುತ್ತಿದ್ದರಂತೆ. ರೈಲು ತುಂಗಭದ್ರೆಯ ಸೇತುವೆ ದಾಟಿದರೆ ಸರಕಾರವೇ ಬೇರೆ. ಈ ದಡದ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಆ ದಡ ಮೈಸೂರು ಮಹಾರಾಜರದು. ಎರಡೂ ದಡಗಳಲ್ಲಿ ಮಾತು ಕನ್ನಡ, ರೊಟ್ಟಿ ಒಂದೇ, ದೇವರು ಒಂದೇ. 1956ರ ನವೆಂಬರ್ 1ರಂದು ಆ ಗೆರೆ ಅಳಿಸಿತು. ಅದಾದ ಮೇಲೂ ಅಜ್ಜ ಬಹುಕಾಲ ‘ಮೈಸೂರ ಸೀಮಿ’ ಎಂದೇ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಗಡಿ ಕಾಗದದ ಮೇಲಿನಿಂದ ಮೊದಲು ಹೋಗುತ್ತದೆ. ನಾಲಗೆಯ ಮೇಲಿನಿಂದ ನಿಧಾನವಾಗಿ ಹೋಗುತ್ತದೆ. ಅದನ್ನು ಸವೆಸಿದ್ದು ಭಾಷಣಗಳಷ್ಟೇ ಅಲ್ಲ. ದಿನವೂ ಹೊಳೆ ದಾಟಿ ಹೋಗಿಬಂದ ಸಾಮಾನ್ಯ ಜನರ ಪ್ರಯಾಣ ಕೂಡ.

ಇಷ್ಟಾದ ಮೇಲೆ ಹೊಸ ಹಾಳೆ ಬರೆದೆವು. ಈ ಸಲ ಇಬ್ಬರೂ ಕೂಡಿ. ಏಳು ರಾಜಧಾನಿಗಳ ಬದಲು ಮೂರು ಮುಕ್ಕಾಮು: ಬ್ರಸೆಲ್ಸ್, ಬಾಸೆಲ್, ಫ್ಲಾರೆನ್ಸ್. ಮೊದಲೆರಡರಲ್ಲಿ ನಾಲ್ಕು ನಾಲ್ಕು ರಾತ್ರಿ, ಕೊನೆಯದರಲ್ಲಿ ಐದು. ಬ್ರಸೆಲ್ಸಿನಿಂದ ಗೆಂಟ್ ಮತ್ತು ಬ್ರೂಜ್ ಒಂದೇ ಹಳಿಯ ಮೇಲಿವೆ, ಬ್ಯಾಡಗಿ–ರಾಣೆಬೆನ್ನೂರುಗಳಂತೆ. ದೂರದ ಬ್ರೂಜಿಗೂ ಒಂದು ತಾಸಿನ ದಾರಿ. ಫ್ಲಾರೆನ್ಸಿನಿಂದ ಪೀಸಾ, ಲೂಕಾ. ಇಳಿಯುವುದು ಬ್ರಸೆಲ್ಸಿನಲ್ಲಿ, ವಿಮಾನ ಹತ್ತುವುದು ರೋಮಿನಲ್ಲಿ. ಹೀಗೆ ಮಾಡಿದರೆ ಹೋದ ದಾರಿಯಲ್ಲಿಯೇ ಮರಳುವ ದಂಡ ತಪ್ಪುತ್ತದೆ. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೇ ವೀಸಾ ಅರ್ಜಿ ಹಾಕಬೇಕೆಂಬುದು ಷೆಂಗೆನ್ನಿನ ನಿಯಮ. ಆದ್ದರಿಂದ ನಮ್ಮ ಅರ್ಜಿ ಇಟಲಿಗೆ. ಹತ್ತಿರದ ಊರುಗಳಿಗೆ ಬಿಡಿ ಟಿಕೆಟ್ಟೇ ಹಲವು ವೇಳೆ ಅಗ್ಗ. ಪಾಸಿಗೆ ಮರುಳಾಗುವ ಮುನ್ನ ಕೂಡಿಸಿ ಕಳೆದು ನೋಡಬೇಕು. ವಾರದ ರಜೆಯನ್ನೂ ನೋಡಿಕೊಳ್ಳಬೇಕು: ಫ್ಲಾರೆನ್ಸಿನ ಉಫೀಜಿ ಚಿತ್ರಶಾಲೆಗೆ ಸೋಮವಾರ ಬಾಗಿಲು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಿನ ಸೋಮವಾರ ಮತ್ತು ಗುರುವಾರವೆಂದು ಬಲ್ಲವರಿಗೆ ಇದನ್ನು ಕಲಿಸಬೇಕಾಗಿಲ್ಲ.

ಬಾಸೆಲನ್ನು ಏಕೆ ಆರಿಸಿದಿರಿ ಎಂದು ಗೆಳೆಯರು ಕೇಳುತ್ತಾರೆ. ಅದು ಸ್ವಿಟ್ಜರ್ಲೆಂಡಿನ ಊರು. ಆದರೆ ಅಲ್ಲಿಯ ಒಂದು ನಿಲ್ದಾಣ ಜರ್ಮನ್ ರೈಲ್ವೆಯದು, ಇನ್ನೊಂದು ನಿಲ್ದಾಣದ ಒಂದು ಭಾಗ ಫ್ರೆಂಚ್ ರೈಲುಗಳಿಗೆ ಮೀಸಲು. ಮೂರು ದೇಶಗಳು ಅಲ್ಲಿ ರೈನ್ ಹೊಳೆಯ ದಡದಲ್ಲಿ ಕೂಡುತ್ತವೆ. ಒಂದೂವರೆ ತಾಸಿನೊಳಗೆ ಸ್ಟ್ರಾಸ್‌ಬರ್ಗ್. 1871ರಿಂದ 1945ರವರೆಗೆ ನಾಲ್ಕು ಸಲ ಫ್ರಾನ್ಸ್–ಜರ್ಮನಿಗಳ ನಡುವೆ ಕೈ ಬದಲಾದ ಊರು ಅದು. ಆ ಗೆರೆಗಾಗಿ ಲಕ್ಷಾಂತರ ಜನ ಸತ್ತರು. ಇಂದು ಅದನ್ನು ದಾಟುವವನು ತಲೆಯೆತ್ತಿ ನೋಡುವುದೂ ಇಲ್ಲ. ಅಂಥ ಒಂದು ರೈಲಿನಲ್ಲಿ ನಾನು ಕೂತು ಬರಬೇಕು, ಅಜ್ಜನ ಹೆಸರಿನಲ್ಲಿ. ಮುಂದೆ ಮಿಲಾನಿನ ದಾರಿಯಲ್ಲಿ, 2016ರಲ್ಲಿ ತೆರೆದ 57 ಕಿಲೋಮೀಟರಿನ ಗೊಟ್ಟಾರ್ಡ್ ಸುರಂಗವನ್ನೂ ಹಾಯಬೇಕು.

ಪ್ಯಾರಿಸ್, ವಿಯೆನ್ನಾ, ಪ್ರಾಗ್‌ಗಳನ್ನು ಹಾಳೆಯಿಂದ ತೆಗೆದುಹಾಕುವಾಗ ನನ್ನ ಕೈ ತಡೆಯಿತೆಂಬುದನ್ನು ಮುಚ್ಚಿಡಲಾರೆ. ಈ ವಯಸ್ಸಿನಲ್ಲಿ ಬಿಟ್ಟದ್ದು ಬಿಟ್ಟ ಹಾಗೆಯೇ. ಆದರೆ ಹಾವೇರಿಯಲ್ಲಿ ಮೂರು ದಿನ ಮುಕ್ಕಾಮು ಮಾಡಿ, ಒಂದು ದಿನ ಹಾನಗಲ್ಲಿನ ತಾರಕೇಶ್ವರ, ಒಂದು ದಿನ ಬಂಕಾಪುರದ ನಗರೇಶ್ವರ, ಒಂದು ದಿನ ಗಳಗನಾಥ–ಚೌಡದಾನಪುರಗಳ ಗುಡಿಗಳನ್ನು ಕಂಡು ಹೋದವನು ನಮ್ಮ ನಾಡನ್ನು ಕಂಡವನು. ಅದೇ ಮೂರು ದಿನಗಳಲ್ಲಿ ಬೀದರಿನಿಂದ ಮಂಗಳೂರಿನವರೆಗೆ ಓಡಿದವನು ಕಂಡದ್ದು ಕಿಟಕಿಯನ್ನು.

ಹಾಳೆ ಮುಗಿಯಿತೆಂದು ನಾನು ಲೇಖನಿ ಮುಚ್ಚಿದಾಗ, ನನ್ನಾಕೆ ಫ್ಲಾರೆನ್ಸಿನ ಐದು ದಿನಗಳಲ್ಲಿ ಒಂದರ ಮೇಲೆ ಬೆರಳಿಟ್ಟಳು. “ಈ ದಿನ ಖಾಲಿ ಇರ್ಲಿರೀ. ಎಲ್ಲೂ ಹೋಗೂದು ಬ್ಯಾಡ. ಕೂತು ಊರ ನೋಡೋಣು.” ಆ ಮನೆಯನ್ನು ಖಾಲಿಯಾಗಿಯೇ ಬಿಟ್ಟಿದ್ದೇನೆ.